ಅಗಳಿಯುಳ್ಳ ಸುರುಳಿಗಳು

ಮನೆಯೊಳಗೆ ಕುಳಿತವನಿಗೆ ತನ್ನ ಮನೆಯ ಹೊರಗಿನ ಆಕಾರ ಕಾಣದು. ಎದುರು ಮನೆಯನ್ನು ನೋಡಿ, ನಮ್ಮದೂ ಹೀಗೆಯೇ ಇದ್ದೀತೆಂದು ಊಹಿಸಬೇಕು. ಆಕಾಶಗಂಗೆಯಲ್ಲಿ ವಾಸಿಸುವ ನಮ್ಮ ಪಾಡೂ ಇದೇ. ಅದರ ರೂಪವನ್ನು ತಿಳಿಯಬೇಕಾದರೆ ನೆರೆಯ ಗ್ಯಾಲಕ್ಸಿಗಳತ್ತ ಕಣ್ಣು ಹಾಯಿಸಬೇಕು.

ಹಲವು ಸುರುಳಿ ಗ್ಯಾಲಕ್ಸಿಗಳ ನಡುವೆ, ಬಾಗಿಲಿಗೆ ಹಾಕಿದ ಅಗಳಿಯಂತೆ, ನೇರವಾದ ನಕ್ಷತ್ರಪಟ್ಟಿಯೊಂದು ಇರುತ್ತದೆ. ಅದರ ಎರಡು ತುದಿಗಳಿಂದ ತೋಳುಗಳು ಬಾಗಿ ಹೊರಡುತ್ತವೆ. 1918ರಲ್ಲಿ ಹೀಬರ್ ಕರ್ಟಿಸ್ ಇವು ಗ್ರೀಕರ 'ಫೈ' ಅಕ್ಷರವನ್ನು ಹೋಲುತ್ತವೆಂದರು. 1926ರಲ್ಲಿ ಎಡ್ವಿನ್ ಹಬಲ್ ಇವನ್ನು ಪ್ರತ್ಯೇಕ ಪಂಗಡವಾಗಿ ವಿಂಗಡಿಸಿದರು. ಹೊರಗಿನ ಅನಿಲವು ಕಾಲುವೆಯ ನೀರಿನಂತೆ ಈ ಅಗಳಿಯ ಗುಂಟ ನಡುವಿಗೆ ಹರಿದು, ಅಲ್ಲಿ ಹೊಸ ನಕ್ಷತ್ರಗಳ ಹುಟ್ಟಿಗೆ ಒದಗುತ್ತದೆ.

ಇಂಥದೊಂದನ್ನು ನಾವು ನೋಡಬಹುದೆ? ಅವಶ್ಯವಾಗಿ. ಫಾರ್ನ್ಯಾಕ್ಸ್ ಎಂಬ ದಕ್ಷಿಣದ ಪುಂಜದಲ್ಲಿರುವ ಎನ್.ಜಿ.ಸಿ. 1365 ಇವುಗಳಲ್ಲಿ ಬಲು ಸೊಗಸಾದದ್ದು. ಲಂಡನ್ನಿನಲ್ಲಿ ಅದು ದಿಗಂತಕ್ಕೆ ಅಂಟಿಕೊಂಡಿರುತ್ತದೆ. ಬೆಂಗಳೂರಿನಲ್ಲಾದರೋ ಜನವರಿ ಮೊದಲ ವಾರ ರಾತ್ರಿ ಒಂಬತ್ತರ ಸುಮಾರಿಗೆ ದಕ್ಷಿಣದಲ್ಲಿ 40 ಅಂಶಗಳಷ್ಟು ಎತ್ತರಕ್ಕೆ ಏರಿರುತ್ತದೆ. ಆದರೆ ಚಂದ್ರನಿಲ್ಲದ ರಾತ್ರಿ ಬೇಕು, ಊರ ದೀಪಗಳಿಂದ ದೂರ ಹೋಗಬೇಕು.

ಎಂಟು ಅಂಗುಲದ ದೂರದರ್ಶಕದಲ್ಲಿ ಮೊದಲು ಕಾಣುವುದು ಕನ್ನಡಿಗೆ ಉಸಿರು ತಗುಲಿದಂಥ ಒಂದು ಮಬ್ಬು ಮಾತ್ರ. ನಿರಾಶರಾಗಬೇಡಿ. ಕತ್ತಲೆಗೆ ಕಣ್ಣು ಪಳಗಲಿ. ನೆಟ್ಟ ನೋಟ ಬಿಟ್ಟು ತುಸು ಪಕ್ಕಕ್ಕೆ ನೋಡಿ. ಕಣ್ಣಿನ ಅಂಚಿಗೆ ಮಂದ ಬೆಳಕು ಹೆಚ್ಚು ಗೋಚರ. ಆಗ ಮಬ್ಬು ಮೆಲ್ಲನೆ ಉದ್ದವಾಗುತ್ತದೆ.

ಕಣ್ಣು ಬೆಳಕನ್ನು ಕೂಡಿಡಲಾರದು, ಕ್ಯಾಮೆರಾ ಕೂಡಿಡಬಲ್ಲುದು. ಭೂಮಿ ತಿರುಗುತ್ತಿರುವುದರಿಂದ ದೂರದರ್ಶಕವನ್ನು ಯಂತ್ರವೊಂದು ನಕ್ಷತ್ರಗಳ ಜೊತೆ ಸಾಗಿಸಬೇಕು. ಇಲ್ಲವಾದರೆ ಚುಕ್ಕೆಗಳು ಗೆರೆಗಳಾಗುತ್ತವೆ. ಕೆಲವು ನಿಮಿಷಗಳ ಚಿತ್ರಗಳನ್ನು ಹತ್ತಾರು ಬಾರಿ ತೆಗೆದು ಗಣಕದಲ್ಲಿ ಒಂದರ ಮೇಲೊಂದು ಕೂಡಿಸಿದಾಗ ಅಗಳಿಯೂ ತೋಳುಗಳೂ ಮೂಡಿಬರುತ್ತವೆ. ಆ ಬೆಳಕು ಅಲ್ಲಿಂದ ಹೊರಟದ್ದು ಸುಮಾರು ಆರು ಕೋಟಿ ವರ್ಷಗಳ ಹಿಂದೆ.

ನಮ್ಮ ಆಕಾಶಗಂಗೆಗೂ ಅಗಳಿಯಿರಬೇಕೆಂದು 1960ರ ದಶಕದಲ್ಲಿ ಜೆರಾರ್ಡ್ ದ ವೊಕುಲರ್ ಸೂಚಿಸಿದರು. ನಡುವಣ ಧೂಳು ಅದನ್ನು ಮರೆಮಾಡಿತ್ತು. ಧೂಳನ್ನು ಭೇದಿಸುವ ಅವಕೆಂಪು ಕಿರಣಗಳಲ್ಲಿ ನೋಡಿದ ಸ್ಪಿಟ್ಜರ್ ದೂರದರ್ಶಕ 2005ರಲ್ಲಿ ಅದಕ್ಕೆ ಬಲವಾದ ಪುರಾವೆ ಒದಗಿಸಿತು.

ಎದುರು ಮನೆಯ ಆ ಮಬ್ಬಿನಲ್ಲಿ ನಾವು ನೋಡುವುದು ನಮ್ಮ ಮನೆಯ ಹೋಲಿಕೆಯನ್ನೇ.