ಗುಡ್ಡದ ಬೆಂಕಿ, ಗದ್ದೆಯ ಲೆಕ್ಕ

ತಪ್ಪು ಕಲ್ಪನೆ: ಕಾಡೇ ಇಲ್ಲದ ಸಾಲಗುಂದಕ್ಕೂ ಕಾಡ್ಗಿಚ್ಚಿಗೂ ಎತ್ತಣ ಸಂಬಂಧ?

ವಾಸ್ತವ: ಸಾಲಗುಂದವೂ ಸೇರಿದಂತೆ ಸಿಂಧನೂರು ಸೀಮೆಯ ನೆಲ್ಲು ನಂಬಿರುವುದು ತುಂಗಭದ್ರಾ ಎಡದಂಡೆ ಕಾಲುವೆಯನ್ನು. ತುಂಗೆ, ಭದ್ರೆ ಎರಡೂ ಹುಟ್ಟುವುದು ಪಶ್ಚಿಮಘಟ್ಟದ ಗಂಗಾಮೂಲದಲ್ಲಿ, ಶೋಲಾ ಕಾಡು ಮತ್ತು ಹುಲ್ಲುಗಾವಲುಗಳ ಮಡಿಲಲ್ಲಿ. ಅಲ್ಲಿನ ಹುಲ್ಲು, ತರಗೆಲೆ ಮಳೆನೀರನ್ನು ಹೀರಿಕೊಂಡು ನಿಧಾನಕ್ಕೆ ಬಿಡುತ್ತವೆ. ಸುಟ್ಟು ಬೋಳಾದ ಇಳಿಜಾರಿನ ಮೇಲೆ ಬಿರುಮಳೆ ಬಿದ್ದರೆ ನೀರಿನ ಜೊತೆ ಮಣ್ಣೂ ಹಳ್ಳಕ್ಕಿಳಿಯುತ್ತದೆ. 1953ರಲ್ಲಿ ತುಂಗಭದ್ರಾ ಜಲಾಶಯಕ್ಕೆ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಈಗ ಹಿಡಿಯುವುದು ಸುಮಾರು 106. ಉಳಿದ ಜಾಗದಲ್ಲಿ ಹೂಳು ಕೂತಿದೆ. ಅಷ್ಟೂ ಹೂಳನ್ನು ಬೆಂಕಿಯ ತಲೆಗೆ ಕಟ್ಟುವುದು ತಪ್ಪು. ಗಣಿ, ಕಡಿದ ಗುಡ್ಡ, ಉತ್ತ ಹೊಲ ಎಲ್ಲಕ್ಕೂ ಅದರಲ್ಲಿ ಪಾಲಿದೆ. ಆದರೆ ಎರಡನೇ ಬೆಳೆಗೆ ನೀರು ಸಾಲದಿದ್ದರೆ ಮೊದಲು ಒಣಗುವುದು ಕಾಲುವೆಯ ಕೊನೆಭಾಗದ ಗದ್ದೆ.

ತಪ್ಪು ಕಲ್ಪನೆ: ನಷ್ಟ ಎಂದರೆ ಸುಟ್ಟ ಮರದ ಬೆಲೆ.

ವಾಸ್ತವ: 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟಾಗಲೂ ಜನ ಕೇಳಿದ್ದು ಮರ ಎಷ್ಟು, ಪ್ರಾಣಿ ಎಷ್ಟು ಅಂತಲೇ. ಆದರೆ ಕಾಡನ್ನು ಬೇರೆ ಉದ್ದೇಶಕ್ಕೆ ಕೊಡುವಾಗ ಸರ್ಕಾರ ವಸೂಲು ಮಾಡುವ ‘ನಿವ್ವಳ ಪ್ರಸ್ತುತ ಮೌಲ್ಯ’ದಲ್ಲಿ ಮರದ ಜೊತೆಗೆ ನೀರು, ಮಣ್ಣು, ಮೇವು, ಇಂಗಾಲ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. 2022ರ ಪರಿಷ್ಕರಣೆಯಲ್ಲಿ ಆ ದರ, ಕಾಡಿನ ದರ್ಜೆಗೆ ತಕ್ಕಂತೆ, ಹೆಕ್ಟೇರಿಗೆ ಸುಮಾರು 9.5 ಲಕ್ಷದಿಂದ 16 ಲಕ್ಷ ರೂಪಾಯಿವರೆಗೆ ಏರಿತು. ಸುಟ್ಟ ಹೆಕ್ಟೇರುಗಳಿಗೆ ಇದನ್ನು ಹಾಗೇ ಗುಣಿಸುವವರೂ ಇದ್ದಾರೆ. ಅದು ಸರಿಯಲ್ಲ, ಸುಟ್ಟ ಕಾಡು ಮತ್ತೆ ಚಿಗುರುತ್ತದೆ.

ತಪ್ಪು ಕಲ್ಪನೆ: ಬೆಂಕಿ ಎಂದರೆ ನಷ್ಟವೇ.

ವಾಸ್ತವ: ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆ ಬಲಿಯುವ ಮೊದಲೇ ‘ತರಗು ಬೆಂಕಿ’ ಹಾಕುತ್ತಿದ್ದರು. ಅದು ನಿಂತ ಮೇಲೆ ಲಂಟಾನ ಪೊದೆ ಹಬ್ಬಿತು, ಈಗ ಬೆಂಕಿ ಬಿದ್ದರೆ ಉರಿ ಜೋರು ಎನ್ನುವುದು ಅವರ ಮಾತು. ಅದನ್ನು ತಳ್ಳಿಹಾಕುವಂತಿಲ್ಲ.

ತಪ್ಪು ಕಲ್ಪನೆ: ಗದ್ದೆಯ ಹುಲ್ಲು ಸುಟ್ಟರೆ ಬೂದಿಯೇ ಗೊಬ್ಬರ.

ವಾಸ್ತವ: ಅರ್ಧ ನಿಜ. ಪೊಟ್ಯಾಷ್ ಬಹುಪಾಲು ಬೂದಿಯಲ್ಲೇ ಉಳಿಯುತ್ತದೆ, ಗಾಳಿ ಹೊತ್ತೊಯ್ಯದಿದ್ದರೆ. ಸಾರಜನಕ ಮಾತ್ರ ಹೊಗೆಯಾಗಿ ಹೋಗುತ್ತದೆ. ಒಂದು ಟನ್ ನೆಲ್ಲುಹುಲ್ಲಿನಲ್ಲಿ ಅದು ಸುಮಾರು 5.5 ಕಿಲೋ. ಎಕರೆಗೆ ಎರಡು ಟನ್ ಹುಲ್ಲು ಅಂತ ಹಿಡಿದರೆ 11 ಕಿಲೋ, ಅಂದರೆ ಸುಮಾರು ಅರ್ಧ ಚೀಲ ಯೂರಿಯಾ. ಸಬ್ಸಿಡಿ ದರದಲ್ಲಿ ಅದರ ಬೆಲೆ ನೂರೈವತ್ತು ರೂಪಾಯಿಯೂ ಆಗದು. ಮೆಷಿನ್ ಕಟಾವಾದ ಮೇಲೆ ಚೆಲ್ಲಾಡಿದ ಹುಲ್ಲನ್ನು ಬಳಿದು ಸಾಗಿಸಲು ಕೂಲಿ, ಟ್ರ್ಯಾಕ್ಟರ್ ಬಾಡಿಗೆ ಅದಕ್ಕಿಂತ ಎಷ್ಟೋ ಹೆಚ್ಚು. ಕಾಲುವೆಗೆ ಮತ್ತೆ ನೀರು ಬರುವುದರೊಳಗೆ ಗದ್ದೆ ಹದವಾಗಬೇಕು ಬೇರೆ. ಕಡ್ಡಿ ಗೀರುವ ರೈತನನ್ನು ದಡ್ಡ ಎನ್ನಲು ನನಗಂತೂ ಬಾಯಿ ಬರುವುದಿಲ್ಲ.

ಅವನ ಲೆಕ್ಕದಲ್ಲಿ ಬಿಟ್ಟುಹೋಗುವುದು ಇಂಗಾಲ. ಆ ಎರಡು ಟನ್ ಹುಲ್ಲಿನ ಜೊತೆ ಸುಮಾರು 800 ಕಿಲೋ ಇಂಗಾಲ ಉರಿದುಹೋಗುತ್ತದೆ. ಹುಲ್ಲು ಮಣ್ಣಿಗೆ ಸೇರಿದ್ದರೆ ಅದರಲ್ಲಿ ಒಂದಿಷ್ಟಾದರೂ ಎರೆಭೂಮಿಯಲ್ಲಿ ಉಳಿದು ಮಣ್ಣನ್ನು ಸಡಿಲವಾಗಿಡುತ್ತಿತ್ತು, ಎರೆಹುಳುವಿಗೆ ಆಹಾರವಾಗುತ್ತಿತ್ತು. ಯೂರಿಯಾದಂತೆ ಅದು ಸೊಸೈಟಿಯಲ್ಲಿ ಚೀಲದ ಲೆಕ್ಕದಲ್ಲಿ ಸಿಗುವುದಿಲ್ಲ. ಕೊಟ್ಟಿಗೆ ಗೊಬ್ಬರ ಹೇರಬೇಕು. ಅದರ ಒಂದು ಟ್ರ್ಯಾಲಿಗೆ ಎಷ್ಟು ಅಂತ ಊರಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.