ಸರ್ವರ್‌ಗಳಿಗೂ ಬೇಕು ಒಬ್ಬ ನೀರುಗಂಟಿ

ಅರ್ಜಿ ಸಲ್ಲಿಸಲು ಕೊನೆಯ ದಿನ ಬಂತೆಂದರೆ ಶಿಕಾರಿಪುರ, ಸೊರಬದ ಸೈಬರ್ ಸೆಂಟರ್‌ಗಳಲ್ಲಿ ಒಂದೇ ಮಾತು: ‘ಸರ್ವರ್ ಡೌನ್!’ ಹಳ್ಳಿಯಿಂದ ಬಸ್ ಹಿಡಿದು ಬಂದವರಿಗೆ ‘ನಾಳೆ ಬನ್ನಿ’ ಎನ್ನುವಂತಿಲ್ಲ. ನಾಳೆಗೆ ಅವಕಾಶವೇ ಇರುವುದಿಲ್ಲ. ಬಿ.ಇ. ಓದುತ್ತಿರುವ ನನ್ನನ್ನು ಊರಿನ ಗೆಳೆಯರು ಕೇಳುತ್ತಾರೆ, ‘ಇನ್ನೂ ನಾಲ್ಕು ಸರ್ವರ್ ಹಾಕಿದ್ರೆ ಆಗಲ್ವೇನೋ?’

ಅಷ್ಟೇ ಸಾಲದು. ನಮ್ಮದು ಕೆರೆಗಳ ಸೀಮೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಶಾಸನವೇ ಕದಂಬರ ಕಾಕುಸ್ಥವರ್ಮ ಕೆರೆ ಕಟ್ಟಿಸಿದ್ದನ್ನು ಹೇಳುತ್ತದೆ. ಕೆರೆ ಎಷ್ಟೇ ದೊಡ್ಡದಿರಲಿ, ತೂಬಿನ ನೀರನ್ನು ಅಳತೆಯರಿತು ಗದ್ದೆಗಳಿಗೆ ಹಂಚಲು ನೀರುಗಂಟಿ ಬೇಕು. ಇಲ್ಲವಾದರೆ ಒಂದು ಗದ್ದೆಯ ಬದು ಒಡೆಯುತ್ತದೆ, ಇನ್ನೊಂದು ಒಣಗುತ್ತದೆ. ಸರ್ವರ್‌ಗಳ ಗುಂಪಿನ ಮುಂದೆ ನಿಂತು ಇದೇ ಕೆಲಸ ಮಾಡುವುದು ‘ಲೋಡ್ ಬ್ಯಾಲೆನ್ಸರ್’.

ಬಂದ ಕೋರಿಕೆಗಳನ್ನು ಸರದಿಯಂತೆ ಒಂದೊಂದು ಸರ್ವರ್‌ಗೆ ಕಳಿಸುವುದು ಸರಳ ವಿಧಾನ. ಇದಕ್ಕೆ ‘ರೌಂಡ್ ರಾಬಿನ್’ ಎನ್ನುತ್ತಾರೆ. ಆದರೆ ಫಲಿತಾಂಶ ನೋಡುವುದು ಕ್ಷಣದ ಕೆಲಸ, ಫೋಟೊ ಅಪ್‌ಲೋಡ್ ಮಾಡಲು ಹೆಚ್ಚು ಹೊತ್ತು ಬೇಕು. ಎಣಿಕೆ ಸಮವಾದರೂ ಹೊರೆ ಸಮವಾಗದು. ಹಾಗಾಗಿ ಕಡಿಮೆ ಕೆಲಸ ಇರುವ ಸರ್ವರ್ ಹುಡುಕಬೇಕು. ಸಾವಿರಾರು ಸರ್ವರ್‌ಗಳಿದ್ದರೆ ಆ ಹುಡುಕಾಟವೇ ದೊಡ್ಡ ಹೊರೆ! ಇದಕ್ಕೊಂದು ಸೊಗಸಾದ ಉಪಾಯವಿದೆ: ಕಣ್ಣುಮುಚ್ಚಿ ಎರಡು ಸರ್ವರ್ ಆರಿಸಿ, ಅವೆರಡರಲ್ಲಿ ಹಗುರವಾಗಿರುವುದಕ್ಕೆ ಕೆಲಸ ಕೊಡಿ. ಒಂದನ್ನೇ ಆರಿಸುವುದಕ್ಕಿಂತ ಇದು ಎಷ್ಟೋ ಪಾಲು ಉತ್ತಮ ಎಂಬುದನ್ನು ಮೈಕೆಲ್ ಮಿಟ್ಜೆನ್‌ಮೇಕರ್ ಬರ್ಕ್ಲಿ ವಿಶ್ವವಿದ್ಯಾಲಯದ ತಮ್ಮ 1996ರ ಪಿಎಚ್‌.ಡಿ. ಪ್ರಬಂಧದಲ್ಲಿ ಗಣಿತದ ಮೂಲಕ ವಿವರಿಸಿದರು.

ಬ್ಯಾಲೆನ್ಸರ್ ಆಗಾಗ ‘ಬದುಕಿದ್ದೀಯಾ?’ ಎಂದು ಪ್ರತಿ ಸರ್ವರ್ ಅನ್ನೂ ವಿಚಾರಿಸುತ್ತದೆ. ಉತ್ತರ ಬಾರದಿದ್ದರೆ ಅದನ್ನು ಬಿಟ್ಟು ಉಳಿದವುಗಳಿಗೆ ಹಂಚುತ್ತದೆ. ಅಪಾಯವೂ ಇಲ್ಲೇ. ಬಿದ್ದ ಸರ್ವರ್‌ನ ಹೊರೆ ಉಳಿದವುಗಳ ಮೇಲೆ ಬಿದ್ದು, ಒಂದರ ಹಿಂದೆ ಒಂದು ಕುಸಿಯಬಹುದು. ಮೇಲಿನ ಕೆರೆ ಒಡೆದರೆ ಕೆಳಗಿನ ಕೆರೆಗಳೂ ಒಡೆಯುವಂತೆ. ಕೆರೆಗೆ ಕೋಡಿ ಇರುವುದು ಇದಕ್ಕೇ. ಜಾಲತಾಣಕ್ಕೂ ಕೋಡಿ ಬೇಕು: ಮಿತಿ ಮೀರಿದಾಗ ‘ನಿಮ್ಮ ಸರದಿ ಬರುತ್ತದೆ, ಕಾಯಿರಿ’ ಎಂದು ಜನರನ್ನು ಸಾಲಿನಲ್ಲಿ ನಿಲ್ಲಿಸುವ ವ್ಯವಸ್ಥೆ.

‘ಹಣ ಕಟ್ ಆಯ್ತು, ಅರ್ಜಿ ಇಲ್ಲ’ ಎಂಬ ಗೋಳಿಗೂ ಒಂದು ಕಾರಣ ಇಲ್ಲಿದೆ. ನಿಮ್ಮ ಲಾಗಿನ್ ವಿವರ ಒಂದೇ ಸರ್ವರ್‌ನ ನೆನಪಿನಲ್ಲಿದ್ದು, ಹಣ ಕಟ್ಟಿ ಮರಳುವಾಗ ಇನ್ನೊಂದು ಸರ್ವರ್ ಎದುರಾದರೆ ಅದಕ್ಕೆ ನಿಮ್ಮ ಗುರುತೇ ಸಿಗದು. ಆ ವಿವರವನ್ನು ಎಲ್ಲ ಸರ್ವರ್‌ಗಳಿಗೂ ಸಿಗುವ ಒಂದೆಡೆ ಇಟ್ಟರೆ ಈ ತೊಂದರೆ ತಪ್ಪುತ್ತದೆ.

ಕೆಲಸ ಹುಡುಕುತ್ತಿರುವ ಗೆಳೆಯರೇ, ಇದನ್ನು ಕಲಿಯಲು ದೊಡ್ಡ ಲ್ಯಾಬ್ ಬೇಕಿಲ್ಲ. 2004ರಲ್ಲಿ ಬಿಡುಗಡೆಯಾದ ‘ಎಂಜಿನ್‌ಎಕ್ಸ್’ ಉಚಿತವಾಗಿ ಸಿಗುತ್ತದೆ. ಒಂದೇ ಲ್ಯಾಪ್‌ಟಾಪ್‌ನಲ್ಲಿ ಮೂರು ಪುಟ್ಟ ಸರ್ವರ್ ನಡೆಸಿ, ಒಂದನ್ನು ನಿಲ್ಲಿಸಿ ನೋಡಿ. ಸಂದರ್ಶನದಲ್ಲಿ ವ್ಯಾಖ್ಯಾನ ಒಪ್ಪಿಸುವುದಕ್ಕಿಂತ ಕಣ್ಣಾರೆ ಕಂಡದ್ದನ್ನು ಹೇಳುವುದು ಸುಲಭ.

ಮಳೆ ಯಾವಾಗ ಬರುತ್ತದೆಂದು ರೈತನಿಗೆ ತಿಳಿಯದು, ಆದರೂ ಕೋಡಿ ಕಟ್ಟಿರುತ್ತಾನೆ. ಅರ್ಜಿಯ ಕೊನೆಯ ದಿನವಾದರೋ, ಅದನ್ನು ನಿಗದಿ ಮಾಡಿದವರಿಗೆ ಮೊದಲೇ ಗೊತ್ತು!