ಪೆಟ್ರೋಲ್ ಗೇಜ್ ತಪ್ಪು ತೋರಿದಾಗ: ಹಳೆಯ ಕಾರು ಉಳ್ಳವರಿಗೆ ಕೆಲವು ಸೂಚನೆಗಳು

ಮಂಡ್ಯ, ಮದ್ದೂರು, ಮಳವಳ್ಳಿ ಭಾಗದ ಅನೇಕ ವರ್ತಕರು ಹಾಗೂ ಸಣ್ಣ ಉದ್ದಿಮೆದಾರರು ವ್ಯವಹಾರಕ್ಕೆ ಇಂದಿಗೂ ಹಳೆಯ ಕಾರುಗಳನ್ನೇ ಬಳಸುತ್ತಾರೆ. ಅವುಗಳ ಗೇಜ್ ತಪ್ಪು ತೋರಿಸುವುದು ಸಾಮಾನ್ಯ ದೋಷ. ಆದರೆ ಅದರಿಂದಾಗುವ ನಷ್ಟ ಕೇವಲ ಹಣದ್ದಲ್ಲ. ನಮ್ಮ ಕಕ್ಷಿದಾರರಾದ ಮದ್ದೂರಿನ ವರ್ತಕರೊಬ್ಬರು, 20 ಲೀಟರಿನ ರಸೀದಿ ಇದ್ದರೂ ಮುಳ್ಳು ಮೇಲೇರದ ಕಾರಣ ಬಹುಕಾಲದ ಚಾಲಕನನ್ನೇ ಶಂಕಿಸಿ, ಆತನ ಲೆಕ್ಕ ಚುಕ್ತಾ ಮಾಡಲು ಮುಂದಾಗಿದ್ದರು.

ಟ್ಯಾಂಕಿನೊಳಗಿನ ಫ್ಲೋಟ್ ಇಂಧನದ ಮಟ್ಟಕ್ಕೆ ತಕ್ಕಂತೆ ಏರಿಳಿಯುತ್ತದೆ. ಅದರ ತೋಳು ವಿದ್ಯುತ್ ರೋಧಕದ ಮೇಲೆ ಸರಿದು, ಗೇಜಿಗೆ ಹರಿಯುವ ವಿದ್ಯುತ್ತನ್ನು ಬದಲಿಸುತ್ತದೆ. ಆದ್ದರಿಂದ ದೋಷವನ್ನು ಈ ಕ್ರಮದಲ್ಲಿ ಹುಡುಕುವುದು ಮಿತವ್ಯಯಕರ:

1. ಉಷ್ಣತೆಯ ಗೇಜ್ ಕೂಡ ತಪ್ಪು ತೋರುತ್ತಿದ್ದರೆ ಫ್ಯೂಸ್ ಅಥವಾ ಹಳೆಯ ಮಾದರಿಗಳ ವೋಲ್ಟೇಜ್ ಸ್ಟೆಬಿಲೈಸರ್ ಪರೀಕ್ಷಿಸಿರಿ.
2. ಪೆಟ್ರೋಲ್ ಗೇಜ್ ಮಾತ್ರ ತಪ್ಪಿದ್ದರೆ ಟ್ಯಾಂಕಿನ ಬಳಿಯ ವೈರ್ ಹಾಗೂ ಅರ್ತಿಂಗ್ ತುಕ್ಕು ಹಿಡಿದಿದೆಯೇ ನೋಡಿಸಿರಿ.
3. ಮುಳ್ಳು ಕುಣಿಯುತ್ತಿದ್ದರೆ ರೋಧಕ ಸವೆದಿರಬಹುದು. ಸದಾ ಖಾಲಿ ಎಂದು ತೋರಿಸಿದರೆ ಫ್ಲೋಟ್ ತೂತಾಗಿ ಮುಳುಗಿರಬಹುದು. ಟ್ಯಾಂಕ್ ತೆರೆಯುವ ಕೆಲಸವನ್ನು ನುರಿತ ಮೆಕ್ಯಾನಿಕ್‌ಗೇ ವಹಿಸಿರಿ.

ಇದಕ್ಕೂ ಮೊದಲು ಖರ್ಚಿಲ್ಲದ ಪರೀಕ್ಷೆಯೊಂದಿದೆ. ಪಂಪ್ ತಾನಾಗಿ ನಿಲ್ಲುವವರೆಗೆ ತುಂಬಿಸಿ, ಕಿಲೋಮೀಟರ್ ಬರೆದಿಡಿ. ಮುಂದಿನ ಬಾರಿ ಅದೇ ರೀತಿ ತುಂಬಿಸಿ, ಓಡಿದ ದೂರವನ್ನು ಹಾಕಿಸಿದ ಲೀಟರುಗಳಿಂದ ಭಾಗಿಸಿರಿ. 360 ಕಿ.ಮೀ.ಗೆ 24 ಲೀಟರ್ ಹಿಡಿದರೆ ಮೈಲೇಜ್ 15. ಬಂಕಿನ ಅಳತೆಯ ಮೇಲೆ ಸಂಶಯವಿದ್ದಲ್ಲಿ, ಅಲ್ಲಿರುವ ಮುದ್ರೆಯೊತ್ತಿದ 5 ಲೀಟರ್ ಅಳತೆಪಾತ್ರೆಯಿಂದ ಪರೀಕ್ಷಿಸುವಂತೆ ಕೇಳಬಹುದು.

ಮೇಲ್ಕಂಡ ವರ್ತಕರಿಗೂ ಇದನ್ನೇ ಸೂಚಿಸಿದೆವು. ಮೂರು ಬಾರಿಯೂ ಮೈಲೇಜ್ ಹಿಂದಿನ ವರ್ಷದ ರಸೀದಿಗಳ ಸರಾಸರಿಗೆ ಸರಿಹೊಂದಿತು. ಬಿಚ್ಚಿಸಿ ನೋಡಿದಾಗ ಫ್ಲೋಟಿನೊಳಗೇ ಪೆಟ್ರೋಲ್ ತುಂಬಿತ್ತು. ಚಾಲಕ ಇಂದಿಗೂ ಅವರಲ್ಲಿಯೇ ಇದ್ದಾನೆ.

ರಿಪೇರಿಯಾಗುವವರೆಗೆ ಮುಳ್ಳನ್ನು ನಂಬದೆ ಕಿಲೋಮೀಟರ್ ಲೆಕ್ಕದ ಮೇಲೆ ಇಂಧನ ಹಾಕಿಸಿರಿ. 2023ರಲ್ಲಿ ಉದ್ಘಾಟನೆಗೊಂಡ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯಪಥದಿಂದ ಬೇಕೆಂದಲ್ಲಿ ಹೊರಬಂದು ಬಂಕ್ ಸೇರಲಾಗದು.

ಕೊನೆಯದಾಗಿ, ಲಾಗ್ ಪುಸ್ತಕದಲ್ಲಿ ದಿನಾಂಕ, ಕಿಲೋಮೀಟರ್, ಲೀಟರ್ ಹಾಗೂ ಪ್ರಯಾಣದ ಉದ್ದೇಶವನ್ನು ತಪ್ಪದೆ ಬರೆದಿಡಿ. ಸ್ವಂತ ಬಳಕೆಯ ಪಾಲನ್ನು ವ್ಯವಹಾರದ ಖರ್ಚಾಗಿ ತೋರಿಸುವಂತಿಲ್ಲವಾದ್ದರಿಂದ, ಆದಾಯ ತೆರಿಗೆ ಅಧಿಕಾರಿಗಳು ಪ್ರಶ್ನಿಸಿದಾಗಲೂ ಇದೇ ಪುಸ್ತಕ ಆಧಾರವಾಗುತ್ತದೆ.